ಇಂಗ್ಲಿಷು ಭಾಷೆಯ ಬಂಧುವಾಚಕ ಶಬ್ದಗಳ ಮೂಲವಿಚಾರ

ಇಂಗ್ಲಿಷು ಭಾಷೆಯಲ್ಲಿ ತಂದೆಯನ್ನು ಹೇಳುವ ‘ಫಾದರ್’ ಎಂಬ ಶಬ್ದವು ಸಂಸ್ಕೃತದ ಪಿತೃ ಶಬ್ದದಿಂದ ಹುಟ್ಟಿತೆಂದೂ, ‘ಮದರ್’, ‘ಬ್ರದರ್’, ‘ಡಾಟರ್’ ಎಂಬಿವು ಕ್ರಮವಾಗಿ ಮಾತೃ, ಭ್ರಾತೃ, ದುಹಿತೃ ಶಬ್ದಗಳ ವಿಕಾರಗಳೆಂದೂ, ಆದುದರಿಂದ ಇಂಗ್ಲಿಷು ಸಂಸ್ಕೃತದ ಮಗಳೆಂದೂ ನಮ್ಮ ವಿದ್ವದ್ಗೋಷ್ಠಿಗಳಲ್ಲಿ ಆಗಾಗ ಕೇಳಿಬರುವುದುಂಟು. ಪಾಠಶಾಲೆಯಲ್ಲಿ ಕೌಮುದಿಯನ್ನು ಓದಿ ಬಂದ ಈ ಲೇಖಕನೂ ಬಹುಕಾಲ ಈ ಮಾತನ್ನೇ ನಂಬಿದ್ದನು. ವಿದ್ಯಾರ್ಥಿಗಳಿಗೆ ಹಾಗೆಯೇ ಬೋಧಿಸಿಯೂ ಇದ್ದನು. ಆ ತರುವಾಯ ಯೂರೋಪಿನ ಭಾಷಾಶಾಸ್ತ್ರಜ್ಞರ ಗ್ರಂಥಗಳನ್ನು ಒಂದಿಷ್ಟು ನೋಡಿದ ಮೇಲೆ, ಸಾದೃಶ್ಯವೇನೋ ದಿಟ, ಅದರಿಂದ ನಾವು ತೆಗೆದ ನಿರ್ಣಯವು ಮಾತ್ರ ತಪ್ಪು ಎಂಬುದು ತಿಳಿದುಬಂದಿತು. ಹೀಗೆಂದ ಮಾತ್ರಕ್ಕೆ ಸಂಸ್ಕೃತಕ್ಕೆ ಲಾಘವವೇನೂ ಬರತಕ್ಕದ್ದಲ್ಲ. ವೇದಪಾಠಿಗಳು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಉದಾತ್ತಾದಿ ಸ್ವರವು, ಇಂಗ್ಲಿಷು ಮತ್ತು ಜರ್ಮನ್ ಭಾಷೆಗಳ ಬಂಧುವಾಚಕ ಶಬ್ದಗಳಲ್ಲಿದ್ದ ಒಂದು ದೊಡ್ಡ ಗಂಟನ್ನು ಹೇಗೆ ಬಿಡಿಸಿತೆಂಬುದನ್ನು ಕೇಳಿದರೆ ವಾಚಕರಿಗೆ ಸಂತೋಷವೇ ಆಗುವುದು. ಮೊದಲು ಆ ಸಂಗತಿಯನ್ನು ಹೇಳಿ, ಅನಂತರ ಅದೇ ಭಾಷೆಯಲ್ಲಿ ದೂರದ ನಂಟರ ಹೆಸರುಗಳು ಹೇಗೆ ಅಳಿದು ಹೊಸವು ಬಂದವೆಂಬುದನ್ನು ವಿಚಾರಮಾಡುವೆವು.

ಎರಡು ಭಾಷೆಗಳಲ್ಲಿ ಎರಡು ಶಬ್ದಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದರೆ ಅವಕ್ಕೆ ಸಂಬಂಧವುಂಟೆಂದು ಹೇಳಿಬಿಡುವುದು ಸುಲಭ. ಆದರೆ ಅದು ಪ್ರಮಾಣವಲ್ಲ. ಕೆಟ್ಟದ್ದು ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ‘ಬ್ಯಾಡ್’ ಎಂಬ ಶಬ್ದವಿದೆ. ಪಾರಸಿಯಲ್ಲಿಯೂ ಅದೇ ಅರ್ಥದಲ್ಲಿ ‘ಬದ್’ ಎಂಬುದಿದೆ. ನಾವು ‘ಬದ್ಮಾಷ್’ ಎನ್ನುವಾಗ ಈ ಎರಡನೆಯ ಶಬ್ದವನ್ನೇ ಉಚ್ಚರಿಸುತ್ತೇವೆ. ರೂಪವೂ ಒಂದು, ಅರ್ಥವೂ ಒಂದು. ಆದರೂ ಇವೆರಡಕ್ಕೂ ಯಾವ ನಂಟೂ ಇಲ್ಲವೆಂಬುದು ಸಿದ್ಧವಾಗಿದೆ. ಇದು ಕಾಕತಾಲೀಯ. ಹಾಗಾದರೆ ನಂಟಿಗೆ ಪ್ರಮಾಣವಾವುದು? ನಿಯತವಾದ ವರ್ಣಪರಿವರ್ತನೆಯೇ ಪ್ರಮಾಣ. ಒಂದು ಭಾಷೆಯಲ್ಲಿ ಪಕಾರವಿರುವ ಕಡೆಗಳಲ್ಲೆಲ್ಲ ಇನ್ನೊಂದರಲ್ಲಿ ಫಕಾರವೇ ಬರುತ್ತಿದ್ದರೆ, ಒಂದು ಶಬ್ದದಲ್ಲಲ್ಲ, ಹತ್ತಾರು ಶಬ್ದಗಳಲ್ಲಿ ಹಾಗೆಯೇ ಬರುತ್ತಿದ್ದರೆ, ಅದು ಯದೃಚ್ಛೆಯಾಗಲಾರದು.

ಸಂಸ್ಕೃತದ ಪಾದ, ಪಂಚ ಎಂಬಿವಕ್ಕೆ ಇಂಗ್ಲಿಷಿನಲ್ಲಿ ‘ಫುಟ್’, ‘ಫೈವ್’ ಎಂದಿದೆ. ತ್ರಿ ಎಂಬುದಕ್ಕೆ ‘ಥ್ರೀ’. ದಂತ, ದಶ, ದ್ವಿ ಎಂಬಿವಕ್ಕೆ ‘ಟೂಥ್’, ‘ಟೆನ್’, ‘ಟೂ’. ಶ್ವನ್, ಶತ ಎಂಬಿವಕ್ಕೆ ‘ಹೌಂಡ್’, ‘ಹಂಡ್ರೆಡ್’. ಮಧು, ಬಂಧ ಎಂಬಲ್ಲಿಯ ಧಕಾರಕ್ಕೆ ‘ಮೀಡ್’, ‘ಬೈಂಡ್’ ಎಂಬಲ್ಲಿ ಡಕಾರ. ಪಕಾರ ತಕಾರಗಳು ಊಷ್ಮಧ್ವನಿಗಳಾಗುವುದು, ದಕಾರವು ಟಕಾರವಾಗುವುದು, ಭ-ಧಗಳು ಮಹಾಪ್ರಾಣವನ್ನು ಕಳೆದುಕೊಳ್ಳುವುದು ಎಂಬ ಈ ವ್ಯವಸ್ಥೆಯನ್ನು ಡೆನ್ಮಾರ್ಕಿನ ರಾಸ್ಕನು 1818ರಲ್ಲಿ ಕಂಡು ಹೇಳಿದನು. ಜರ್ಮನಿಯ ಯಾಕೋಬ್ ಗ್ರಿಮ್ಮನು 1822ರಲ್ಲಿ ಅದನ್ನು ನಿಯಮರೂಪದಲ್ಲಿ ವಿಸ್ತರಿಸಿದನು. ಈ ನಿಯಮದ ಪ್ರಕಾರ ನೋಡಿದರೆ ಪಿತೃ ಶಬ್ದದ ಪಕಾರಕ್ಕೆ ‘ಫಾದರ್’ ಎಂಬಲ್ಲಿ ಫಕಾರವೂ, ಭ್ರಾತೃ ಶಬ್ದದ ಭಕಾರಕ್ಕೆ ‘ಬ್ರದರ್’ ಎಂಬಲ್ಲಿ ಬಕಾರವೂ ಸರಿಯಾಗಿಯೇ ಒದಗುತ್ತವೆ. ಸೂನು ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಸುನು’ ಎಂದೇ ಇದ್ದಿತು. ಈಗ ‘ಸನ್’ ಆಗಿದೆ. ಸ್ವಸೃ ಎಂಬುದಕ್ಕೆ ‘ಸ್ವೆಒಸ್ತೊರ್’ ಎಂದಿದ್ದಿತು. ಸಕಾರ ರೇಫಗಳ ನಡುವೆ ಉಚ್ಚಾರಸೌಕರ್ಯಕ್ಕಾಗಿ ಒಂದು ತಕಾರವು ಆಗಮವಾಗಿ ಬಂದಿದೆಯೆಂದು ತಿಳಿಯತಕ್ಕದ್ದು. ಈಗಿನ ‘ಸಿಸ್ಟರ್’ ರೂಪವು ಇಂಗ್ಲೆಂಡಿನಲ್ಲಿ ಬಂದು ನೆಲೆಸಿದ ಉತ್ತರದೇಶದ ನಾರ್ಸ್ ಜನರ ‘ಸಿಸ್ತಿರ್’ ಎಂಬುದರ ಪ್ರಭಾವದಿಂದಾದುದು.

ಇನ್ನು ಗಂಟಿನ ವಿಷಯ. ಪಿತೃ, ಮಾತೃ, ಭ್ರಾತೃ ಎಂಬ ಮೂರರಲ್ಲಿಯೂ ತಕಾರವಿದೆ. ಗ್ರಿಮ್ಮನ ನಿಯಮದಂತೆ ಮೂರು ಕಡೆಯೂ ‘ಥ್ರೀ’ ಶಬ್ದದ ಮೊದಲಲ್ಲಿ ಕೇಳುವ ಊಷ್ಮಧ್ವನಿಯೇ ಬರಬೇಕು. ಆ ಧ್ವನಿಗೆ ನಮ್ಮ ಲಿಪಿಯಲ್ಲಿ ಸರಿಯಾದ ಅಕ್ಷರವಿಲ್ಲದಿರುವುದರಿಂದ ಇಲ್ಲಿ ಥಕಾರದಿಂದ ಸೂಚಿಸಿದೆ. ಈಗಿನ ಇಂಗ್ಲಿಷಿನಲ್ಲಿ ಫಾದರ್, ಮದರ್, ಬ್ರದರ್ ಮೂರೂ ಒಂದೇ ಧ್ವನಿಯುಳ್ಳವಾಗಿರುವುದರಿಂದ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಆದರೆ ಈ ಏಕರೂಪತೆಯು ಸುಮಾರು 15, 16ನೆಯ ಶತಮಾನಗಳಲ್ಲಿ ಉಂಟಾದುದು. ಹಳೆಯ ಇಂಗ್ಲಿಷಿನಲ್ಲಿ ತಂದೆಗೆ ‘ಫ್ಯಾದೆರ್’, ತಾಯಿಗೆ ‘ಮೋದೊರ್’ ಎಂದು ದಕಾರವೂ, ಸೋದರನಿಗೆ ‘ಬ್ರೋಥೊರ್’ ಎಂದು ಥಕಾರವೂ ಇದ್ದವು. 4ನೆಯ ಶತಮಾನದಲ್ಲಿ ಬೈಬಲನ್ನು ಭಾಷಾಂತರಿಸಿದ ಗಾಥ್ ಜನರ ಭಾಷೆಯಲ್ಲಿಯೂ ‘ಫದರ್’, ‘ಬ್ರೋಥರ್’ ಎಂಬ ಭೇದವೇ ಇದೆ. ಈಗಿನ ಜರ್ಮನಿನಲ್ಲಿ ‘ಫಾಟರ್’, ‘ಮುಟ್ಟರ್’, ಆದರೆ ‘ಬ್ರೂಡರ್’. ಮೊದಲೆರಡರಲ್ಲಿ ಟಕಾರ, ಮೂರನೆಯದರಲ್ಲಿ ಡಕಾರ. ಒಂದೇ ತಕಾರವು ಒಂದೇ ಮನೆಯ ಮೂವರ ಹೆಸರುಗಳಲ್ಲಿ ಎರಡು ದಾರಿ ಹಿಡಿದದ್ದೇಕೆ? ಅರ್ಧ ಶತಮಾನದವರೆಗೆ ಇದು ಅಪವಾದವೆಂದೇ ಎಣಿಸಲ್ಪಟ್ಟಿತ್ತು.

ಇದಕ್ಕೆ ಸಮಾಧಾನವನ್ನು ಕಂಡವನು ಡೆನ್ಮಾರ್ಕಿನವನೇ ಆದ ಕಾರ್ಲ್ ವೆರ್ನರ್ ಎಂಬ ವಿದ್ವಾಂಸನು. ಅವನ ಲೇಖನವು 1877ರಲ್ಲಿ ಪ್ರಕಟವಾಯಿತು. ಅವನು ಜರ್ಮನ್ ಶಬ್ದಗಳ ಕಾರಣವನ್ನು ಜರ್ಮನ್ ಭಾಷೆಯಲ್ಲಿ ಹುಡುಕದೆ ವೇದದಲ್ಲಿ ಹುಡುಕಿದನು. ವೇದದಲ್ಲಿ ಪಿತೃ, ಮಾತೃ ಎಂಬಿವು ಅಂತೋದಾತ್ತಗಳು. ಭ್ರಾತೃ ಎಂಬುದು ಆದ್ಯುದಾತ್ತ. ಇದು ಸ್ವರಪ್ರಕ್ರಿಯೆಯನ್ನು ಓದಿದವರಿಗೆಲ್ಲ ತಿಳಿದದ್ದೇ. ವೆರ್ನರನ ನಿಯಮವನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇಷ್ಟು: ಶಬ್ದಮಧ್ಯದ ಊಷ್ಮಧ್ವನಿಗೆ ಅವ್ಯವಹಿತಪೂರ್ವವಾದ ಅಚ್ಚು ಉದಾತ್ತವಾಗಿದ್ದರೆ ಆ ಧ್ವನಿಯು ಅಘೋಷವಾಗಿಯೇ ನಿಲ್ಲುತ್ತದೆ, ಉದಾತ್ತವಲ್ಲದಿದ್ದರೆ ಘೋಷವಾಗುತ್ತದೆ. ಭ್ರಾತೃ ಶಬ್ದದಲ್ಲಿ ಆಕಾರವು ಉದಾತ್ತವಾದುದರಿಂದ ಥಕಾರ ಉಳಿಯಿತು. ಪಿತೃ ಮಾತೃ ಶಬ್ದಗಳಲ್ಲಿ ಉದಾತ್ತವು ಮುಂದಿನ ಅಚ್ಚಿಗೆ ಹೋದುದರಿಂದ ಅದು ಘೋಷವಾಗಿ ದಕಾರವಾಯಿತು.

ಇದೊಂದೇ ಜೋಡಿಯಾಗಿದ್ದರೆ ಕಾಕತಾಲೀಯವೆಂದು ಶಂಕಿಸಬಹುದಾಗಿತ್ತು. ಅತ್ತೆಮಾವಂದಿರನ್ನು ನೋಡಿರಿ. ವೇದದಲ್ಲಿ ಶ್ವಶುರ ಎಂಬುದು ಆದ್ಯುದಾತ್ತ, ಶ್ವಶ್ರೂ ಎಂಬುದು ಅಂತೋದಾತ್ತ. ಸಂಸ್ಕೃತದ ಈ ಶಕಾರಕ್ಕೆ ಇಂಗ್ಲಿಷಿನ ಶಾಖೆಯಲ್ಲಿ ಹಕಾರ ಬರುವುದೆಂದು ಶತ-ಹಂಡ್ರೆಡ್ ಎಂಬಲ್ಲಿ ಕಂಡೆವಷ್ಟೆ. ಹಳೆಯ ಇಂಗ್ಲಿಷಿನಲ್ಲಿ ಮಾವನಿಗೆ ‘ಸ್ವೇಒರ್’ ಎಂದು ಹೆಸರು. ಎರಡು ಸ್ವರಗಳ ನಡುವಣ ಹಕಾರವು ಲೋಪವಾಗಿದೆ. ಅತ್ತೆಗಾದರೋ ‘ಸ್ವೆಗೆರ್’, ಇಲ್ಲಿ ಅದೇ ಧ್ವನಿಯು ಘೋಷವಾಗಿ ಗಕಾರವಾಗಿದೆ. ಜರ್ಮನಿನಲ್ಲಿಯೂ ಮಾವನಿಗೆ ‘ಶ್ವೇಹರ್’, ಅತ್ತೆಗೆ ‘ಶ್ವೀಗರ್’ ಎಂದಿದ್ದಿತು. ಮಾವನಲ್ಲಿ ಹಕಾರ, ಅತ್ತೆಯಲ್ಲಿ ಗಕಾರ. ವ್ಯತ್ಯಾಸಕ್ಕೆ ಕಾರಣ ವೇದದ ಸ್ವರದ ಹೊರತು ಬೇರೆಯಿಲ್ಲ. ಸೊಸೆಯನ್ನು ಹೇಳುವ ಸ್ನುಷಾ ಶಬ್ದವೂ ಅಂತೋದಾತ್ತವೇ. ಅದರ ಷಕಾರದ ಸ್ಥಾನದಲ್ಲಿದ್ದ ಸಕಾರವು ಘೋಷವಾಗಿ, ಆಮೇಲೆ ರೇಫವಾಗಿ, ಹಳೆಯ ಇಂಗ್ಲಿಷಿನಲ್ಲಿ ‘ಸ್ನೊರು’ ಎಂದಾಯಿತು. ಮನೆಗೆ ಬಂದ ಸೊಸೆಯೂ ಅತ್ತೆಯೂ ಒಂದೇ ನಿಯಮಕ್ಕೆ ಒಳಗಾದದ್ದು ಇಲ್ಲಿ ಮಾತ್ರವೇ ಏನೋ!

ಇಲ್ಲಿ ಒಂದು ಪೂರ್ವಪಕ್ಷ: ದುಹಿತೃ ಶಬ್ದವೂ ಅಂತೋದಾತ್ತವಾಗಿರುವಾಗ ‘ಡಾಟರ್’ ಎಂಬಲ್ಲಿ ತಕಾರವು ದಕಾರವೂ ಆಗದೆ ಥಕಾರವೂ ಆಗದೆ ತಾನಾಗಿಯೇ ಉಳಿದಿರುವುದೇಕೆ? ಉತ್ತರ: ಹಳೆಯ ಇಂಗ್ಲಿಷಿನ ರೂಪವು ‘ದೋಹ್ತೊರ್’. ಊಷ್ಮಕ್ಕೆ ತಾಗಿಕೊಂಡಿರುವ ತಕಾರವು ಈ ಶಾಖೆಯಲ್ಲಿ ಎಲ್ಲಿಯೂ ಮಾರ್ಪಡುವುದಿಲ್ಲ. ಅಷ್ಟ ಎಂಬುದಕ್ಕೆ ‘ಏಟ್’, ನಕ್ತ ಎಂಬುದಕ್ಕೆ ‘ನೈಟ್’ ಎಂದಿರುವುದನ್ನು ನೋಡಿಕೊಳ್ಳಬಹುದು. ಈ ಮೂರು ಶಬ್ದಗಳನ್ನೂ ಇಂಗ್ಲಿಷಿನಲ್ಲಿ ಬರೆಯುವಾಗ ಉಚ್ಚಾರವಿಲ್ಲದ ಎರಡು ಅಕ್ಷರಗಳನ್ನು ನಡುವೆ ಬರೆಯುತ್ತಾರೆ. ಆ ಮೂಕಾಕ್ಷರಗಳು ಸತ್ತುಹೋದ ಆ ಊಷ್ಮದ ಗುರುತು.

ಹಳೆಯ ಇಂಗ್ಲಿಷನ್ನಾಡಿದವರಿಗಾಗಲಿ ಗಾಥರಿಗಾಗಲಿ ಈ ಸ್ವರಭೇದವು ಗೊತ್ತಿರಲಿಲ್ಲ. ಅವರ ಕಾಲಕ್ಕಾಗಲೇ ಬಲವೆಲ್ಲ ಶಬ್ದದ ಮೊದಲ ಅಕ್ಷರಕ್ಕೆ ಬಂದುಬಿಟ್ಟಿತ್ತು. ಕಾರಣವು ಅಳಿದು ಕಾರ್ಯವು ಮಾತ್ರ ಉಳಿದಿತ್ತು. ಆ ಕಾರಣವನ್ನು ಉಳಿಸಿಟ್ಟವರು ಅನುದಾತ್ತಕ್ಕೆ ತಲೆ ಬಾಗಿಸಿ, ಸ್ವರಿತಕ್ಕೆ ಎತ್ತಿ, ತಪ್ಪಿದಲ್ಲಿ ಗುರುವಿನಿಂದ ಪೆಟ್ಟು ತಿಂದು ಸಂಹಿತೆಯನ್ನು ಕಲಿತ ನಮ್ಮ ಅಧ್ಯೇತೃಗಳು. ನಿತ್ ಪ್ರತ್ಯಯ ಬಂದರೆ ಆದ್ಯುದಾತ್ತ, ಚಿತ್ ಬಂದರೆ ಅಂತೋದಾತ್ತ ಎಂದು ಪಾಣಿನಿಯು ಇತ್ತುಗಳನ್ನು ಹಚ್ಚಿಟ್ಟದ್ದು ವ್ಯರ್ಥವೆಂದು ಹೇಳುವ ವಿದ್ಯಾರ್ಥಿಗಳುಂಟು. ಬಂಧುವಾಚಕಗಳಲ್ಲಿ ಸ್ವರದಿಂದ ಅರ್ಥವೇ ಬದಲಾಗುವುದಕ್ಕೂ ಉದಾಹರಣೆಯಿದೆ: ಭ್ರಾತೃವ್ಯ ಶಬ್ದವು ಸ್ವರಿತಾಂತವಾದರೆ ಸೋದರನ ಮಗ, ಆದ್ಯುದಾತ್ತವಾದರೆ ಶತ್ರು. ದಾಯಾದಿಗೂ ಹಗೆಗೂ ನಡುವಣ ಅಂತರವು ಒಂದು ಸ್ವರದಷ್ಟೇ ಎಂಬುದನ್ನು ಸೂತ್ರಕಾರನು ಅರಿತಿದ್ದನೆಂದು ತೋರುತ್ತದೆ.

ಹೀಗೆ ಸಂಬಂಧವು ಸಿದ್ಧವಾಯಿತು. ಆದರೆ ಯಾವ ಸಂಬಂಧ? ತಾಯಿ-ಮಗಳ ಸಂಬಂಧವೋ, ಅಕ್ಕತಂಗಿಯರ ಸಂಬಂಧವೋ? ಅಕ್ಕತಂಗಿಯರದೆಂದೇ ಹೇಳಬೇಕು. ಇಂಗ್ಲಿಷು ಸಂಸ್ಕೃತದಿಂದ ಹುಟ್ಟಿದ್ದಾದರೆ, ಸಂಸ್ಕೃತದಲ್ಲಿ ಆಗಲೇ ವಿಕಾರ ಹೊಂದಿರುವ ಕಡೆ ಇಂಗ್ಲಿಷಿನಲ್ಲಿ ಮೂಲರೂಪವು ಕಾಣಬಾರದು. ಆದರೆ ಕಾಣುತ್ತಿದೆ. ಶ್ವಶುರ ಶಬ್ದದ ಮೊದಲ ಶಕಾರವು ಮೂಲತಃ ಸಕಾರ. ಎರಡನೆಯ ಶಕಾರದ ಸಾಂಗತ್ಯದಿಂದ ಅದು ಶಕಾರವಾಯಿತು. ಲ್ಯಾಟಿನಿನಲ್ಲಿ ‘ಸೊಕೆರ್’, ಇಂಗ್ಲಿಷಿನಲ್ಲಿ ‘ಸ್ವೇಒರ್’ ಎಂದು ಸಕಾರವೇ ಇದೆ. ಸಂಸ್ಕೃತದ ಶಕಾರದಿಂದ ಬಂದಿದ್ದರೆ ಅದು ಹಕಾರವಾಗಬೇಕಿತ್ತು. ಹಾಗೆಯೇ ದುಹಿತೃ ಶಬ್ದದ ಹಕಾರಕ್ಕೆ ಗ್ರೀಕಿನಲ್ಲಿ ‘ಥುಗಾತೇರ್’ ಎಂದು ಗಕಾರವಿದೆ. ಪಾರಸಿಯಲ್ಲಿ ‘ದುಖ್ತರ್’ ಎಂದಿದೆ. ಹಿಂದೆ ಇದ್ದ ಕವರ್ಗದ ಧ್ವನಿಯು ಸಂಸ್ಕೃತದಲ್ಲಿ ಸವೆದು ಬರಿಯ ಹಕಾರವಾಗಿದೆ. ಸವೆದದ್ದರಿಂದ ಸವೆಯದ್ದು ಹುಟ್ಟಲಾರದು. ಸರ್ ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಭೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಪ್ರಾಯಶಃ ಈಗ ಉಳಿದಿಲ್ಲದ ಒಂದೇ ಮೂಲದಿಂದ ಹೊರಟವೆಂದು ಹೇಳಿದ್ದು ಇದೇ ಅಭಿಪ್ರಾಯದಿಂದ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ನಿರ್ವಚನಗಳಲ್ಲಿ ಕೆಲವನ್ನು ಪುನಃ ಪರೀಕ್ಷಿಸಬೇಕಾಗುತ್ತದೆ. ಯಾಸ್ಕಾಚಾರ್ಯರು ನಿರುಕ್ತದ ಮೂರನೆಯ ಅಧ್ಯಾಯದಲ್ಲಿ ದುಹಿತೃ ಶಬ್ದಕ್ಕೆ, ಅವಳ ಹಿತವು ದುಷ್ಕರವಾದುದರಿಂದ ಎಂದೂ, ದೂರದಲ್ಲಿದ್ದರೆ ಹಿತವಾದುದರಿಂದ ಎಂದೂ, ಕರೆಯುವುದೆಂಬರ್ಥದ ದುಹ್ ಧಾತುವಿನಿಂದ ಎಂದೂ ಮೂರು ಬಗೆಯ ವಿವರಣೆಗಳನ್ನು ಕೊಟ್ಟಿದ್ದಾರೆ. 19ನೆಯ ಶತಮಾನದ ಯೂರೋಪಿಯನ್ ಪಂಡಿತರಲ್ಲಿ ಮ್ಯಾಕ್ಸ್ ಮುಲ್ಲರ್ ಮೊದಲಾದವರು ಈ ಮೂರನೆಯದನ್ನು ಹಿಡಿದು, ಆರ್ಯರ ಮನೆಯಲ್ಲಿ ಹಾಲು ಕರೆಯುವವಳೇ ಮಗಳು ಎಂಬ ರಮ್ಯವಾದ ಚಿತ್ರವನ್ನು ಬರೆದರು. ಈಚಿನವರು ಅದನ್ನು ಒಪ್ಪುವುದಿಲ್ಲ. ಪಾ ಧಾತುವಿನಿಂದ ಪಿತೃ, ಮಾ ಧಾತುವಿನಿಂದ ಮಾತೃ ಎಂಬ ವ್ಯುತ್ಪತ್ತಿಗಳೂ ಹಾಗೆಯೇ. ಉಣಾದಿಸೂತ್ರಗಳಲ್ಲಿ ನಪ್ತೃ, ಭ್ರಾತೃ, ಜಾಮಾತೃ, ಮಾತೃ, ಪಿತೃ, ದುಹಿತೃ ಎಂಬಿವನ್ನೆಲ್ಲ ಒಂದೇ ಸೂತ್ರದಲ್ಲಿ ಸೇರಿಸಿ ನಿಪಾತನ ಮಾಡಿರುವುದನ್ನು ಗಮನಿಸಬೇಕು. ಪ್ರಕೃತಿಪ್ರತ್ಯಯಗಳು ಸ್ಪಷ್ಟವಾಗಿದ್ದರೆ ನಿಪಾತನದ ಅವಶ್ಯಕತೆಯೇ ಇರಲಿಲ್ಲ. ಪ್ರಾಚೀನರಿಗೇ ಇವು ಅತಿಪ್ರಾಚೀನವಾಗಿ ಕಂಡಿದ್ದವು.

ವಿಧವಾ ಶಬ್ದದ ಕಥೆ ಇನ್ನೂ ವಿಚಿತ್ರವಾದುದು. ಧವ ಎಂದರೆ ಗಂಡ, ಅವನಿಲ್ಲದವಳು ವಿಧವೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನಿರುಕ್ತದಲ್ಲಿಯೂ ಇದು ಒಂದು ಪಕ್ಷವಾಗಿ ಬಂದಿದೆ. ಆದರೆ ಲ್ಯಾಟಿನಿನಲ್ಲಿ ‘ವಿದುಆ’, ಹಳೆಯ ಇಂಗ್ಲಿಷಿನಲ್ಲಿ ‘ವಿದುವೆ’, ಈಗಿನ ಇಂಗ್ಲಿಷಿನಲ್ಲಿ ‘ವಿಡೋ’ ಎಂದಿರುವಾಗ, ಆ ಭಾಷೆಗಳಲ್ಲಿ ಗಂಡನೆಂಬರ್ಥದ ಧವಶಬ್ದವಾಗಲಿ ವಿ ಎಂಬ ಉಪಸರ್ಗವಾಗಲಿ ಬೇರೆಯಾಗಿ ಕಾಣುವುದಿಲ್ಲ. ಬೇರ್ಪಡು, ಬರಿದಾಗು ಎಂಬರ್ಥದ ವಿಧ್ ಎಂಬ ಒಂದೇ ಧಾತುವಿನಿಂದ ಇಡಿಯ ಶಬ್ದವು ಹುಟ್ಟಿತು. ಜನರು ಅದನ್ನು ವಿ-ಧವಾ ಎಂದು ಒಡೆದು ನೋಡಿದುದರಿಂದ ಧವ ಎಂಬ ಗಂಡನು ಆಮೇಲೆ ಹುಟ್ಟಿಕೊಂಡನು. ವಿಧವೆಯಿಂದ ಪತಿಯು ಜನಿಸಿದ ದೃಷ್ಟಾಂತವು ಶಬ್ದಶಾಸ್ತ್ರದಲ್ಲಲ್ಲದೆ ಬೇರೆಲ್ಲಿ ದೊರಕೀತು?

ಇಷ್ಟರವರೆಗೆ ಹೇಳಿದ್ದು ಒಳಮನೆಯ ವಿಚಾರ. ತಂದೆ, ತಾಯಿ, ಸೋದರ, ಸೋದರಿ, ಮಗ, ಮಗಳು ಎಂಬ ಆರು ಹೆಸರುಗಳು ಇಂಗ್ಲಿಷಿನಲ್ಲಿ ಹಳೆಯವೇ ಉಳಿದಿವೆ. ಅಂಗಳಕ್ಕೆ ಬಂದೆವೆಂದರೆ ಸ್ಥಿತಿಯು ಪೂರ್ತಿಯಾಗಿ ಬೇರೆ. ಅಂಕಲ್, ಆಂಟ್, ಕಸಿನ್, ನೆಫ್ಯೂ, ನೀಸ್ ಎಂಬ ಐದೂ ಫ್ರೆಂಚಿನಿಂದ ಬಂದವು. 1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚಾಯಿತು, ಪ್ರಭುಗಳ ಮನೆಮಾತೂ ಅದೇ ಆಯಿತು. ವ್ಯಾಜ್ಯಗಳನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು ಶಾಸನವಾದದ್ದು 1362ರಷ್ಟು ತಡವಾಗಿ. ತಾಯಿಯನ್ನು ಕರೆಯುವುದಕ್ಕೆ ಯಾರೂ ಪರಭಾಷೆಗೆ ಹೋಗುವುದಿಲ್ಲ. ಆದರೆ ಆಸ್ತಿ ಯಾರಿಗೆ ಸಲ್ಲಬೇಕು, ಯಾರು ಯಾರನ್ನು ಮದುವೆಯಾಗಬಹುದು ಎಂಬ ಪ್ರಶ್ನೆ ಬಂದಾಗ ಚಿಕ್ಕಪ್ಪ ಸೋದರಳಿಯಂದಿರ ಹೆಸರುಗಳು ಪ್ರಭುಗಳ ಭಾಷೆಯಲ್ಲಿಯೇ ನಡೆಯುವುವು. ಈ ಭೇದಕ್ಕೆ ನಮಗೆ ತೋರುವ ಕಾರಣವಿದು.

ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೆ ‘ಫ್ಯಾದೆರ’ ಎಂದೂ, ತಾಯಿಯ ಸೋದರನಿಗೆ ‘ಏಅಮ್’ ಎಂದೂ, ತಂದೆಯ ಸೋದರಿಗೆ ‘ಫಥು’ ಎಂದೂ, ತಾಯಿಯ ಸೋದರಿಗೆ ‘ಮೋದ್ರಿಯೆ’ ಎಂದೂ ನಾಲ್ಕು ಬೇರೆ ಬೇರೆ ಹೆಸರುಗಳಿದ್ದವು. ಪಿತೃವ್ಯ, ಮಾತುಲ, ಪಿತೃಷ್ವಸೃ, ಮಾತೃಷ್ವಸೃ ಎಂಬ ನಮ್ಮ ಭೇದಕ್ಕೆ ಇದು ಸರಿಸಮನಾದುದು. ಅದರಲ್ಲಿ ‘ಫ್ಯಾದೆರ’ ಎಂಬುದು ಪಿತೃವ್ಯ ಶಬ್ದದ ಸಗೋತ್ರವೇ ಆಗಿದೆ. ಲ್ಯಾಟಿನಿನಲ್ಲಿಯೂ ಪತ್ರುಉಸ್, ಅವುಂಕುಲುಸ್, ಅಮಿತಾ, ಮಾತೆರ್ತೆರಾ ಎಂದು ನಾಲ್ಕು ಇದ್ದವು. ಇವುಗಳಲ್ಲಿ ತಾಯಿಯ ಸೋದರನನ್ನು ಹೇಳುವ ‘ಅವುಂಕುಲುಸ್’ ಎಂಬುದೇ ಫ್ರೆಂಚಿನಲ್ಲಿ ಸವೆದು ‘ಅಂಕಲ್’ ಆಯಿತು. ತಂದೆಯ ಸೋದರಿಯನ್ನು ಹೇಳುವ ‘ಅಮಿತಾ’ ಎಂಬುದು ‘ಆಂಟ್’ ಆಯಿತು. ಉಳಿದೆರಡು ಫ್ರೆಂಚಿನಲ್ಲಿಯೇ ಬಿದ್ದುಹೋದುವು. ಎಂದರೆ, ಮೂಲಾರ್ಥದಿಂದ ನೋಡಿದರೆ ಅಂಕಲ್ ಎಂದರೆ ಸೋದರಮಾವ, ಆಂಟ್ ಎಂದರೆ ಸೋದರತ್ತೆ. ಅವುಂಕುಲುಸ್ ಎಂಬುದು ತಾನೇ ಅಜ್ಜನೆಂಬರ್ಥದ ‘ಅವುಸ್’ ಶಬ್ದಕ್ಕೆ ಅಲ್ಪಾರ್ಥಕ ಪ್ರತ್ಯಯ ಸೇರಿ ಆದುದು. ‘ಚಿಕ್ಕಜ್ಜ’ ಎಂದು ಅದರ ಶಬ್ದಾರ್ಥ. ಇಂಗ್ಲಿಷಿನ ಏಅಮ್ ಎಂಬುದರ ಮೊದಲ ಭಾಗದಲ್ಲಿಯೂ ಇದೇ ಅವುಸ್ ಅಡಗಿದೆ. ಇಂದು ನಮ್ಮ ಊರುಗಳಲ್ಲಿ ಮಕ್ಕಳು ನೆರೆಮನೆಯವನನ್ನೂ, ತಂದೆಯ ಗೆಳೆಯನನ್ನೂ, ಅಂಗಡಿಯವನನ್ನೂ ಅಂಕಲ್ ಎಂದೇ ಕರೆಯುತ್ತಿರುವುದನ್ನು ಕೇಳಿದಾಗಲೆಲ್ಲ, ಅರಿಯದೆಯೇ ಇವರೆಲ್ಲರೂ ತಾಯಿಯ ಅಣ್ಣತಮ್ಮಂದಿರಾದರಲ್ಲಾ ಎನ್ನಿಸುತ್ತದೆ.

ಹಳೆಯ ಶಬ್ದವು ಒಂದೇ ದಿನದಲ್ಲಿ ಸಾಯಲಿಲ್ಲ. 14ನೆಯ ಶತಮಾನದ ಉತ್ತರಾರ್ಧದಲ್ಲಿ ಚಾಸರ್ ಕವಿಯು ಬರೆದ ಟ್ರಾಯಿಲಸ್ ಮತ್ತು ಕ್ರಿಸೇಡೆ ಎಂಬ ಕಾವ್ಯದಲ್ಲಿ ನಾಯಿಕೆಯ ಬಂಧುವಾದ ಪ್ಯಾಂಡರಸನಿಗೆ ‘ಏಮ್’ ಎಂಬ ಹಳೆಯ ಹೆಸರೂ ‘ಅಂಕಲ್’ ಎಂಬ ಹೊಸ ಹೆಸರೂ ಎರಡೂ ಬಂದಿವೆ. ಸ್ಕಾಟ್ಲೆಂಡಿನ ಆಡುನುಡಿಯಲ್ಲಿ ಅದು ಇನ್ನೂ ಬಹುಕಾಲ ಬಾಳಿತು.

ಈ ಕುಗ್ಗುವಿಕೆಯಿಂದ ಭಾಷಾಂತರಕಾರನಿಗೆ ಒದಗುವ ಕಷ್ಟವು ಸಾಮಾನ್ಯವಲ್ಲ. ಇಂಗ್ಲಿಷು ಗ್ರಂಥದಲ್ಲಿ ಅಂಕಲ್ ಎಂದು ಕಂಡಕೂಡಲೆ ಮಾವನೆಂದು ಬರೆದುಬಿಡುವವರುಂಟು. ಹ್ಯಾಮ್ಲೆಟ್ ನಾಟಕದ ಕ್ಲಾಡಿಯಸನು ಸತ್ತ ರಾಜನ ತಮ್ಮ. ಅವನು ಹ್ಯಾಮ್ಲೆಟನಿಗೆ ಚಿಕ್ಕಪ್ಪನೇ ಹೊರತು ಮಾವನಲ್ಲ. ಮಾವನೆಂದು ಬರೆದರೆ ರಾಣಿಯು ಒಡಹುಟ್ಟಿದವನನ್ನೇ ವರಿಸಿದಳೆಂದಾಗಿ, ನಾಟಕದ ದೋಷವನ್ನು ಕವಿಯು ಎಣಿಸದಿದ್ದಷ್ಟು ದೂರ ಒಯ್ದಂತಾಗುವುದು. ಅದೇ ನಾಟಕದಲ್ಲಿ ರಾಜನು ಹ್ಯಾಮ್ಲೆಟನನ್ನು ಕಸಿನ್ ಎಂದೂ ಕರೆಯುತ್ತಾನೆ. ಆ ಕಾಲದಲ್ಲಿ ಅದು ಒಳಮನೆಯ ಹೊರಗಿನ ಯಾವ ರಕ್ತಸಂಬಂಧಿಗಾದರೂ ಸಲ್ಲುತ್ತಿತ್ತು.

ಕಸಿನ್ ಶಬ್ದದ ಗರ್ಭದಲ್ಲಿ ಒಬ್ಬ ಸೋದರಿಯು ಅಡಗಿದ್ದಾಳೆ. ಅದರ ಮೂಲ ಲ್ಯಾಟಿನಿನ ‘ಕೊನ್ಸೊಬ್ರೀನುಸ್’. ಕೊನ್ ಎಂದರೆ ಸಹ. ಸೊಬ್ರೀನುಸ್ ಎಂಬುದು ಸೋದರಿಯನ್ನು ಹೇಳುವ, ಸ್ವಸೃ ಶಬ್ದಕ್ಕೆ ಸಮಾನವಾದ ಮೂಲದಿಂದ ಹುಟ್ಟಿದ ತದ್ಧಿತ. ಇಬ್ಬರು ಅಕ್ಕತಂಗಿಯರ ಮಕ್ಕಳು ಪರಸ್ಪರ ಕೊನ್ಸೊಬ್ರೀನುಸ್. ರೋಮನ್ ನ್ಯಾಯಶಾಸ್ತ್ರಜ್ಞರು ಈ ಮೂಲಾರ್ಥವನ್ನು ಬಲ್ಲವರಾಗಿದ್ದರು. ಕನ್ನಡದಲ್ಲಿ ಅಕ್ಕತಂಗಿಯರ ಮಕ್ಕಳು ಅಣ್ಣತಮ್ಮಂದಿರೇ ಆಗುತ್ತಾರೆ. ಸೋದರಮಾವನ ಮಗಳಾದರೋ ಎಷ್ಟೋ ಮನೆತನಗಳಲ್ಲಿ ಮದುವೆಯಾಗತಕ್ಕವಳು. ಇಂಗ್ಲಿಷು ಈ ಎರಡು ಬಗೆಯವರನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದೆ. ನಮ್ಮ ದಾಯಭಾಗದ ಕಾಗದಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸುವವರು ಇಲ್ಲಿ ಎಚ್ಚರ ತಪ್ಪಿದರೆ ಅಳಿಯನು ಮಗನಾಗಿಯೂ ಮಗನು ಅಳಿಯನಾಗಿಯೂ ಕಾಣುವ ಸಂಭವವಿದೆ.

ನೆಫ್ಯೂ ಎಂಬುದರ ಗತಿಯೂ ಕುತೂಹಲಕರವಾದುದು. ಅಪಾಂ ನಪಾತ್ ಎಂಬ ವೈದಿಕ ದೇವತೆಯ ಹೆಸರಿನಲ್ಲಿ ಬರುವ ನಪಾತ್ ಶಬ್ದಕ್ಕೂ, ಮೊಮ್ಮಗನೆಂಬರ್ಥದ ನಪ್ತೃ ಶಬ್ದಕ್ಕೂ ಲ್ಯಾಟಿನಿನ ‘ನೆಪೋಸ್’ ಸಗೋತ್ರ. ಹಳೆಯ ಇಂಗ್ಲಿಷಿನಲ್ಲಿ ಇದರದೇ ಸ್ವಂತ ರೂಪವಾದ ‘ನೆಫ’ ಎಂಬುದೂ, ಸ್ತ್ರೀಲಿಂಗದಲ್ಲಿ ‘ನಿಫ್ತ್’ ಎಂಬುದೂ ಇದ್ದವು. ಇವನ್ನು ಬಿಟ್ಟು ನೆಪೋಸ್, ನೆಪ್ತಿಸ್ ಎಂಬಿವುಗಳಿಂದ ಬಂದ ಫ್ರೆಂಚ್ ರೂಪಗಳನ್ನು ತೆಗೆದುಕೊಂಡರು. ಮನೆಯಲ್ಲಿದ್ದವನನ್ನು ಹೊರಗಟ್ಟಿ, ಪರದೇಶದಲ್ಲಿ ಬೆಳೆದ ಅವನ ದಾಯಾದಿಯನ್ನು ತಂದು ಕೂರಿಸಿದ ಹಾಗಾಯಿತು. ಮೊಮ್ಮಗನೆಂಬ ಹಳೆಯ ಅರ್ಥವು ಷೇಕ್ಸ್‌ಪಿಯರನ ಕಾಲಕ್ಕೂ ಪೂರ್ತಿಯಾಗಿ ಹೋಗಿರಲಿಲ್ಲ. ಒಥೆಲ್ಲೋ ನಾಟಕದ ಮೊದಲ ದೃಶ್ಯದಲ್ಲಿ ಆ ಶಬ್ದವು ಮೊಮ್ಮಕ್ಕಳ ಅರ್ಥದಲ್ಲಿಯೇ ಬಂದಿದೆ. ಅಜ್ಜನಿಗೆ ‘ಗ್ರ್ಯಾಂಡ್‌ಫಾದರ್’ ಎಂಬುದು ಫ್ರೆಂಚನ್ನು ನೋಡಿ ಕಟ್ಟಿದ ಸಮಾಸ. ಅದನ್ನು ಅಕ್ಷರಶಃ ಕನ್ನಡಿಸಿದರೆ ದೊಡ್ಡಪ್ಪನಾಗುವನೆಂಬುದು ಭಾಷಾಂತರಕಾರನಿಗೆ ಇನ್ನೊಂದು ಎಚ್ಚರಿಕೆ.

ಶ್ವಶುರ, ಶ್ವಶ್ರೂ, ಸ್ನುಷಾ, ದೇವೃ ಎಂಬ ನಮ್ಮ ನಾಲ್ಕು ಶಬ್ದಗಳಿಗೂ ಸ್ವೇಒರ್, ಸ್ವೆಗೆರ್, ಸ್ನೊರು, ತಾಕೊರ್ ಎಂದು ಹಳೆಯ ಇಂಗ್ಲಿಷಿನಲ್ಲಿ ನಾಲ್ಕು ಸಗೋತ್ರಗಳಿದ್ದವು. ಈಗ ಒಂದೂ ಇಲ್ಲ. ಇವೆಲ್ಲಕ್ಕೂ ಬದಲಾಗಿ ಫಾದರ್, ಮದರ್, ಡಾಟರ್, ಬ್ರದರ್ ಶಬ್ದಗಳಿಗೆ ‘ಇನ್-ಲಾ’ ಎಂದು ಸೇರಿಸುತ್ತಾರೆ. ಈ ‘ಲಾ’ ಎಂಬುದು ರಾಜನ ಕಾನೂನಲ್ಲ, ಚರ್ಚಿನ ಧರ್ಮಶಾಸ್ತ್ರ. ಮದುವೆಯಿಂದ ಗಂಡಹೆಂಡಿರು ಒಂದೇ ಶರೀರವಾಗುವರಾದುದರಿಂದ ಹೆಂಡತಿಯ ತಂಗಿಯು ಧರ್ಮತಃ ತನ್ನ ತಂಗಿಯೇ, ಆದುದರಿಂದ ವಿವಾಹಕ್ಕೆ ನಿಷಿದ್ಧಳು ಎಂಬುದು ಅದರ ಮತ. ರಕ್ತಸಂಬಂಧದಲ್ಲಿ ಏಳನೆಯ ಮೆಟ್ಟಿಲವರೆಗೆ ಇದ್ದ ನಿಷೇಧವನ್ನು 1215ರ ನಾಲ್ಕನೆಯ ಲ್ಯಾಟರನ್ ಸಭೆಯು ನಾಲ್ಕಕ್ಕೆ ಇಳಿಸಿತು. ನಮ್ಮ ಸಾಪಿಂಡ್ಯ ವಿಚಾರದ ಏಳು-ಐದು ತಲೆಗಳ ಲೆಕ್ಕವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. ಶಬ್ದದಲ್ಲಿದ್ದ ಈ ಭಾವವು ಬರಿಯ ಶಬ್ದವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1835ರ ಕಾಯಿದೆಯಿಂದ, ಸತ್ತ ಹೆಂಡತಿಯ ತಂಗಿಯೊಡನೆ ಮುಂದೆ ನಡೆಯುವ ಮದುವೆಯು ಸಂಪೂರ್ಣವಾಗಿ ಅಸಿಂಧುವಾಯಿತು. ಬಹುಕಾಲದ ವಾದವಿವಾದಗಳ ಮೇಲೆ 1907ರಲ್ಲಿ ಅದಕ್ಕೆ ಅವಕಾಶ ದೊರೆಯಿತು. ಸತ್ತ ಅಣ್ಣತಮ್ಮಂದಿರ ವಿಧವೆಯನ್ನು ವರಿಸಲು 1921ರವರೆಗೆ ಕಾಯಬೇಕಾಯಿತು. ಸಿಸ್ಟರ್-ಇನ್-ಲಾ ಎಂಬ ಹೆಸರಿನೊಳಗಿನ ‘ಸಿಸ್ಟರ್’ ಎಂಬುದು ಎಷ್ಟೋ ಮನೆಗಳ ಮಕ್ಕಳನ್ನು ಔರಸರಲ್ಲವೆಂದು ಮಾಡಿತೆಂಬುದು ನೆನೆಯತಕ್ಕ ಸಂಗತಿ.

ಮಲತಾಯಿಯನ್ನೂ ಹಿಂದೆ ಮದರ್-ಇನ್-ಲಾ ಎನ್ನುತ್ತಿದ್ದರು. ಡಿಕನ್ಸನ ಪಿಕ್‌ವಿಕ್ ಕಥೆಯಲ್ಲಿ ಸ್ಯಾಮ್ ವೆಲ್ಲರನು ತನ್ನ ತಂದೆಯ ಎರಡನೆಯ ಹೆಂಡತಿಯನ್ನು ಹಾಗೆಯೇ ಕರೆಯುತ್ತಾನೆ. ಈಗ ರೂಢಿಯಲ್ಲಿರುವ ‘ಸ್ಟೆಪ್’ ಎಂಬುದು ಮೆಟ್ಟಿಲೆಂಬರ್ಥದ ಶಬ್ದವಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಸ್ತೇಒಪ್’ ಎಂದರೆ ವಿಯೋಗಪಟ್ಟ ಎಂದರ್ಥ. ಸ್ಟೆಪ್-ಚೈಲ್ಡ್ ಎಂದರೆ ಮೊದಲು ತಬ್ಬಲಿ ಮಗು. ಮಗುವಿನಿಂದ ಆ ವಿಶೇಷಣವು ತಾಯಿಗೆ ಹತ್ತಿತು.

ಗಂಡಹೆಂಡಿರ ವಿಚಾರವಾಗಿ ಒಂದೆರಡು ಮಾತು ಸಾಕು. ಹಸ್ಬೆಂಡ್ ಎಂಬುದು ನಾರ್ಸ್ ಭಾಷೆಯ ‘ಹೂಸ್‌ಬೋಂದಿ’. ಹೂಸ್ ಎಂದರೆ ಮನೆ; ಬೋಂದಿ ಎಂದರೆ ವಾಸಿಸುವವನು, ನಮ್ಮ ಭೂ ಧಾತುವಿಗೆ ಸಂಬಂಧಿಸಿದುದು. ಆದುದರಿಂದ ಹಸ್ಬೆಂಡ್ ಎಂದರೆ ಸರಿಯಾಗಿ ಗೃಹಸ್ಥ. ಅದಕ್ಕಿಂತ ಹಿಂದೆ ಪುರುಷನೆಂದೂ ಗಂಡನೆಂದೂ ಎರಡರ್ಥದಲ್ಲಿ ‘ವೆರ್’ ಎಂಬ ಶಬ್ದವಿತ್ತು. ಅದು ವೀರ ಶಬ್ದದ ಸಗೋತ್ರ. ಆ ವೀರನು ಈಗ ಮನೆಯಲ್ಲೆಲ್ಲಿಯೂ ಇಲ್ಲ. ರಾತ್ರಿಯಲ್ಲಿ ತೋಳನಾಗುವ ಮನುಷ್ಯನ ಕಥೆಯ ‘ವೆರ್‌ವುಲ್ಫ್’ ಎಂಬಲ್ಲಿ ವೃಕನೊಡನೆ ಸೇರಿ ಕಾಡಿನಲ್ಲಿದ್ದಾನೆ. ವೈಫ್ ಎಂದರೆ ಮೊದಲು ಬರಿಯ ಹೆಂಗಸು. ಮನೆಯವರೆಲ್ಲರನ್ನೂ ಕೂಡಿಸಿ ಹೇಳುವ ‘ಫ್ಯಾಮಿಲಿ’ ಎಂಬುದು ಲ್ಯಾಟಿನಿನ ‘ಫಮುಲುಸ್’, ಎಂದರೆ ಊಳಿಗದವನು, ಎಂಬುದರಿಂದ ಬಂದುದು. 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಮನೆಯ ಆಳುಕಾಳುಗಳೆಂದೇ ಅರ್ಥವಿತ್ತು. ಯಜಮಾನನೂ ಅವನ ಮಕ್ಕಳೂ ಅದರೊಳಗೆ ಸೇರಿದ್ದು ಆಮೇಲೆ. ಜನ ಶಬ್ದದ ಸಗೋತ್ರವಾದ ‘ಕಿನ್’ ಎಂಬ ಸ್ವದೇಶಿ ಶಬ್ದವು ಈಗ ಕೆಲವು ಜೋಡಿನುಡಿಗಳಲ್ಲಿ ಮಾತ್ರ ಹೆಚ್ಚಾಗಿ ಕೇಳಿಸುತ್ತದೆ.

ಇನ್ನೊಂದು ಶಬ್ದವುಳಿದಿದೆ. ಹಳೆಯ ಇಂಗ್ಲಿಷಿನಲ್ಲಿ ನಂಟನೆಂಬರ್ಥದಲ್ಲಿ ‘ಸಿಬ್’ ಎಂಬುದಿತ್ತು. ದೇವರ ಮುಂದೆ ಮಗುವಿನ ನಾಮಕರಣಕ್ಕೆ ಹೊಣೆನಿಂತವರನ್ನು ‘ಗಾಡ್‌ಸಿಬ್’ ಎಂದರು. ಹೆರಿಗೆಯ ಮನೆಯಲ್ಲಿ ಕೂಡಿದ ಇಂಥ ಹೆಂಗಸರ ಹರಟೆಯಿಂದಾಗಿ ಆ ಶಬ್ದವು ‘ಗಾಸಿಪ್’ ಎಂದು ಇಳಿದು ಚಾಡಿಮಾತೆಂಬ ಅರ್ಥಕ್ಕೆ ಬಂದಿತು. ಸೋದರ ಸೋದರಿ ಇಬ್ಬರನ್ನೂ ಲಿಂಗಭೇದವಿಲ್ಲದೆ ಒಂದೇ ಮಾತಿನಲ್ಲಿ ಹೇಳಲು ಶಾಸ್ತ್ರಗ್ರಂಥಗಳಲ್ಲಿ ಶಬ್ದವಿಲ್ಲದೆ ತೊಡಕಾದಾಗ, 20ನೆಯ ಶತಮಾನದ ಆರಂಭದಲ್ಲಿ ವಿದ್ವಾಂಸರು ಹಳೆಯ ಓಲೆಗಳಲ್ಲಿ ಮಲಗಿದ್ದ ‘ಸಿಬ್ಲಿಂಗ್’ ಎಂಬುದನ್ನು ಎಬ್ಬಿಸಿ ಒಡಹುಟ್ಟಿದವರೆಂಬ ಅರ್ಥದಲ್ಲಿ ಬಳಕೆಗೆ ತಂದರು. ಅದು ಶಾಸ್ತ್ರದಿಂದ ಮನೆಮಾತಿಗೂ ಇಳಿದು ಈಗ ಮಕ್ಕಳ ಬಾಯಲ್ಲಿಯೂ ಇದೆ.